ಬೇಡವೆಂದರೆ ಬೇಡವೆಂದೇ ಬರೆದುಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ಹೋದ ವರ್ಷದಿಂದ ಈಚೆಗೆ ನಿಮ್ಮ ಕಚೇರಿಯ ಮೆಟ್ಟಿಲು ಆರು ಸಲ ಹತ್ತಿದ್ದೇನೆ. ನಾಲ್ಕು ಸಲ ನೀವು ಬೆಂಗಳೂರಿನಲ್ಲಿದ್ದಿರಿ. ಒಂದು ಸಲ ಮದುವೆಗೆ ಹೊರಟು ಕಾರಿನಲ್ಲಿ ಕೂತಿದ್ದಿರಿ. ಕೊನೆಯ ಸಲ ನಿಮ್ಮ ಆಪ್ತ ಸಹಾಯಕರು ಅರ್ಜಿ ಇಸ್ಕೊಂಡು "ಸಾಹೇಬ್ರ ಗಮನಕ್ಕೆ ತರ್ತೀನಿ, ಹೋಗಿ ಬನ್ನಿ ಅಮ್ಮ" ಅಂದರು. ಅದಾಗಿ ಮೂರು ತಿಂಗಳು. ಕೈಯಲ್ಲಿ ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ, ಅದಕ್ಕೇ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ಗೊತ್ತು. ನಮ್ಮೂರ ಹವ್ಯಾಸಿ ನಾಟಕ ತಂಡದ ಟಿಕೆಟ್ ಲೆಕ್ಕ ನೋಡುವವಳು. ಸೈಡ್‌ವಿಂಗಿನಲ್ಲಿ ನಿಂತು ಮಾತು ಮರೆತವರಿಗೆ ಎತ್ತಿಕೊಡುವವಳು. ಮೂರು ವರ್ಷದ ಕೆಳಗೆ ಸಂತೆ ಮೈದಾನದಲ್ಲಿ ಕುರುಕ್ಷೇತ್ರ ಆಡಿದಾಗ ದೀಪ ಹಚ್ಚಿದ್ದು ನೀವೇ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಕೋಳಿ ಕೂಗುವವರೆಗೂ ನಡೆಯಿತು. ಮೈಕು ನಾಲ್ಕು ಬೀದಿಗೆ ಕೇಳುತ್ತಿತ್ತು. ಯಾರೂ ಸ್ಕ್ರಿಪ್ಟ್ ಕೇಳಲಿಲ್ಲ, ಯಾರೂ ಲೈಸೆನ್ಸ್ ಕೇಳಲಿಲ್ಲ. ನಿಮ್ಮ ಭಾಷಣದಲ್ಲಿ "ಕಲಾವಿದರಿಗೆ ಏನು ಬೇಕಾದರೂ ನನ್ನನ್ನು ಕೇಳಿ" ಅಂದಿರಿ. ಈಗ ಕೇಳುತ್ತಿದ್ದೇನೆ. ಆಡುವ ದಿನವೇ ನಿಲ್ಲಿಸಿದ ನಮ್ಮ ಹೊಸ ನಾಟಕಕ್ಕೆ ಅನುಮತಿ ಇದೆ ಅಂತಲೋ ಇಲ್ಲ ಅಂತಲೋ ಒಂದು ಕಾಗದದಲ್ಲಿ ಬರೆಸಿಕೊಡಿ. ಅಷ್ಟೇ.

ನಾಟಕ ಯಾರಿಗಾಗಿ ಅಂತ ಮೊದಲು ಹೇಳುತ್ತೇನೆ. ನನ್ನ ಯಜಮಾನರ ಎರಡೂ ಮೂತ್ರಪಿಂಡ ಹೋಗಿದ್ದವು. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ದುಡ್ಡು ಕೇಳಲಿಲ್ಲ, ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಆದರೆ ಆಸ್ಪತ್ರೆ ನಮ್ಮ ಹಳ್ಳಿಯಿಂದ ಇಪ್ಪತ್ತೆರಡು ಕಿಲೋಮೀಟರು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕ. ಅದು ಮುಗಿದಮೇಲೆ ಮನುಷ್ಯ ಹಿಂಡಿದ ಬಟ್ಟೆಯ ಹಾಗೆ ಆಗಿರುತ್ತಾನೆ, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವುದಕ್ಕೆ ಆಗುವುದಿಲ್ಲ. ಆಟೋ ಬೇಕು. ಆಟೋಗೆ ಹೋಗಿ ಬರಲು ಆರುನೂರು. ಮೊದಲು ಹಸು ಮಾರಿದೆ, ಆಮೇಲೆ ನನ್ನ ಓಲೆ. ಕೊನೆಕೊನೆಗೆ ಅವರೇ "ಇವತ್ತು ಬೇಡ, ನಾಳಿದ್ದು ಹೋದರಾಯ್ತು" ಅನ್ನತೊಡಗಿದರು. ದುಡ್ಡಿಗಾಗಿ ಅನ್ನುತ್ತಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು, ಗೊತ್ತಿಲ್ಲದವಳ ಹಾಗೆ ಇರುತ್ತಿದ್ದೆ. ಹಾಗೆ ತಪ್ಪಿಸಿದ ಒಂದು ಸೋಮವಾರದ ರಾತ್ರಿ ಅವರು ಹೋದರು.

ಅವರು ತಂಡದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ತಿಥಿ ಮುಗಿದ ವಾರ ತಂಡದವರೆಲ್ಲ ನಮ್ಮ ಜಗಲಿಯಲ್ಲಿ ಕೂತು ತೀರ್ಮಾನ ಮಾಡಿದರು: ಇನ್ನು ಮೇಲೆ ಆಡುವ ಪ್ರತಿ ನಾಟಕದ ಹಣ ಡಯಾಲಿಸಿಸ್‌ಗೆ ಬರುವವರ ಆಟೋ ಬಾಡಿಗೆಗೆ. ನಮ್ಮ ತಂಡದಲ್ಲಿ ದರ್ಜಿ ಇದ್ದಾರೆ, ಲೈನ್‌ಮನ್ ಇದ್ದಾರೆ, ಇಬ್ಬರು ಮೇಷ್ಟ್ರು, ಹೂವು ಮಾರುವ ಹುಡುಗಿ ಒಬ್ಬಳು. ಯಾರೂ ಒಂದು ಕಾಸು ತೆಗೆದುಕೊಳ್ಳುವುದಿಲ್ಲ. ಹೋದ ವರ್ಷದವರೆಗೆ ಒಂಬತ್ತು ಜನರ ಆಟೋ ಬಾಡಿಗೆ ಕಟ್ಟಿದ್ದೇವೆ. ರಸೀದಿಗಳು ನನ್ನ ಟ್ರಂಕಿನಲ್ಲಿವೆ, ಯಾರು ಬೇಕಾದರೂ ಬಂದು ನೋಡಬಹುದು.

ಈ ಸಲದ ನಾಟಕವನ್ನು ನಮ್ಮ ಮೇಷ್ಟ್ರೇ ಬರೆದರು. ಒಂದು ಅಡಿಗಲ್ಲಿನ ಕಥೆ. ಒಂದು ಹಳ್ಳದ ಸೇತುವೆಗೆ ನಾಲ್ಕು ಚುನಾವಣೆಗಳಲ್ಲಿ ನಾಲ್ಕು ಸಲ ಗುದ್ದಲಿ ಪೂಜೆ ಆಗುತ್ತದೆ. ಕೊನೆಗೆ ಕಲ್ಲೇ ಬಾಯಿ ಬಿಟ್ಟು ಮಾತಾಡುತ್ತದೆ. "ನನ್ನ ತಲೆ ಮೇಲೆ ಕಾಯಿ ಒಡೆದೋರು ನಾಲ್ಕು ಜನ, ಪಕ್ಕದಲ್ಲಿ ಒಂದು ಇಟ್ಟಿಗೆ ಇಟ್ಟೋರು ಯಾರೂ ಇಲ್ಲ" ಅನ್ನುತ್ತದೆ. ನಾಟಕದಲ್ಲಿ ಯಾವ ಪಕ್ಷದ ಹೆಸರೂ ಇಲ್ಲ, ಯಾವ ಜಾತಿಯ ಹೆಸರೂ ಇಲ್ಲ, ನಿಮ್ಮ ಹೆಸರಂತೂ ಇಲ್ಲವೇ ಇಲ್ಲ. ನಮ್ಮ ಹಳ್ಳದ ಸೇತುವೆ ನೆನಪಾಗಿ ಯಾರಿಗಾದರೂ ಮುಜುಗರವಾಗಿದ್ದರೆ ಅದಕ್ಕೆ ಸೇತುವೆ ಕಟ್ಟಬೇಕು, ನಾಟಕ ನಿಲ್ಲಿಸುವುದಲ್ಲ.

ಆ ಸಂಜೆ ಏನಾಯಿತು ಅಂತ ನಿಮಗೆ ಯಾರು ಯಾವ ಥರ ಹೇಳಿದ್ದಾರೋ. ನಾನು ಕಂಡದ್ದನ್ನು ಹೇಳುತ್ತೇನೆ. ಸಭಾಂಗಣಕ್ಕೆ ಹದಿನೆಂಟು ದಿನ ಮೊದಲೇ ಬಾಡಿಗೆ ಕಟ್ಟಿದ್ದೆವು. ಠಾಣೆಗೆ ಅರ್ಜಿ ಕೊಟ್ಟಿದ್ದೆವು, ಸ್ಕ್ರಿಪ್ಟಿನ ಮೂರು ಪ್ರತಿ ಕೇಳಿದರು, ಜೆರಾಕ್ಸ್ ಮಾಡಿಸಿ ಕೊಟ್ಟೆವು. ಸ್ವೀಕೃತಿ ಕೇಳಿದರೆ "ನಾಟಕಕ್ಕೆಲ್ಲ ಯಾಕಮ್ಮ ಸ್ವೀಕೃತಿ" ಅಂದರು. ನಾಟಕದ ದಿನ ಸಂಜೆ ಐದೂಮುಕ್ಕಾಲಿಗೆ ಇಬ್ಬರು ಬಂದು ಸಭಾಂಗಣದ ಮೇನ್ ಸ್ವಿಚ್ ಇಳಿಸಿದರು. "ಮೇಲಿಂದ ಹೇಳಿದಾರೆ." ಮೇಲಿಂದ ಅಂದರೆ ಯಾರು? ಹೇಳಲಿಲ್ಲ. ಆದೇಶ ಎಲ್ಲಿ? ತೋರಿಸಲಿಲ್ಲ. ನೂರು ರೂಪಾಯಿಯ ಟಿಕೆಟ್ ಕೊಂಡ ಇನ್ನೂರ ನಲವತ್ತು ಜನ ಮಳೆಯಲ್ಲಿ ಗೇಟಿನ ಹೊರಗೆ ನಿಂತಿದ್ದರು. ಮುಂದಿನ ಸಾಲಿನಲ್ಲಿ ಕೂರಿಸೋಣ ಅಂತ ನಾವೇ ಕರೆಸಿದ್ದ ಇಬ್ಬರು ರೋಗಿಗಳು ಆಟೋದೊಳಗೆ ಕೂತಿದ್ದರು; ಒಬ್ಬರಂತೂ ಅದೇ ದಿನ ಬೆಳಿಗ್ಗೆ ಡಯಾಲಿಸಿಸ್ ಮಾಡಿಸಿಕೊಂಡು ಬಂದವರು.

ಅಡಿಗಲ್ಲಿನ ಪಾತ್ರ ಮಾಡುವವರು ನಮ್ಮ ದರ್ಜಿ. ಮುಖಕ್ಕೆ, ಕತ್ತಿಗೆ, ಎರಡೂ ಕೈಗೆ ಬೂದು ಬಣ್ಣ ಬಳಿದುಕೊಂಡು ಸಿದ್ಧರಾಗಿದ್ದರು. "ಪ್ರಮುಖ ಪಾತ್ರಧಾರಿ ಬನ್ನಿ" ಅಂತ ಅವರನ್ನು ಠಾಣೆಗೆ ಕರೆದುಕೊಂಡು ಹೋದರು. ಬಣ್ಣ ತೊಳೆಯಲು ಬಿಡಲಿಲ್ಲ. ರಾತ್ರಿ ಹನ್ನೊಂದರವರೆಗೆ ಬೆಂಚಿನ ಮೇಲೆ ಕೂರಿಸಿದರು. ಬಣ್ಣ ಒಣಗಿ ಬಿರುಕು ಬಿಟ್ಟಿತ್ತು, ಕೆರೆದುಕೊಂಡು ಕೆರೆದುಕೊಂಡು ಕತ್ತೆಲ್ಲ ಕೆಂಪಾಗಿತ್ತು. ಐವತ್ತೆಂಟು ವರ್ಷದ ಮನುಷ್ಯ, ಇಡೀ ಊರಿನ ಮಕ್ಕಳಿಗೆ ಯೂನಿಫಾರಂ ಹೊಲಿದವರು. ದೂರು ಇಲ್ಲ, ಕೇಸು ಇಲ್ಲ, ಒಂದು ಸಾಲು ಬರವಣಿಗೆ ಇಲ್ಲ. ಹೊರಡುವಾಗ ನಮ್ಮ ಸ್ಕ್ರಿಪ್ಟಿನ ಒಂದು ಪ್ರತಿ ಕೈಗಿತ್ತರು. ಅದರಲ್ಲಿ ಕಲ್ಲಿನ ಹನ್ನೊಂದು ಮಾತಿಗೆ ಕೆಂಪು ಗೆರೆ ಎಳೆದಿತ್ತು. ಗೆರೆ ಎಳೆಯಲು ಪೆನ್ನು ಸಿಕ್ಕಿತು, ಕಾರಣ ಬರೆಯಲು ಸಿಗಲಿಲ್ಲವೇ? ಅವರು ಅಂದಿನಿಂದ ತಾಲೀಮಿಗೆ ಬರುತ್ತಿಲ್ಲ. ಅವರ ಹೆಂಡತಿ ನನ್ನ ಕೈ ಹಿಡಿದು "ಅವರನ್ನ ಬಿಟ್ಟುಬಿಡಿ ಅಕ್ಕ" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇರಬೇಕು.

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬ್ರಿಟಿಷರು 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ತಂದದ್ದೇ ಕಲ್ಕತ್ತೆಯ ನಾಟಕದವರು ಅವರನ್ನು ಅಣಕಿಸಿದ್ದಕ್ಕೆ. ಆ ಕಾಯ್ದೆಯನ್ನು ಈಗ ಸಂಸತ್ತೇ ರದ್ದು ಮಾಡಿದೆ. ತಮಿಳುನಾಡಿನಲ್ಲಿ ನಾಟಕಕ್ಕೆ ಮೊದಲೇ ಸ್ಕ್ರಿಪ್ಟ್ ತೋರಿಸಬೇಕೆಂಬ ಕಾನೂನನ್ನು ನಾಟಕಕಾರ ಜ್ಞಾನಿ ಪ್ರಶ್ನಿಸಿದಾಗ 2013ರಲ್ಲಿ ಮದ್ರಾಸ್ ಹೈಕೋರ್ಟ್ ಅದು ನಿಲ್ಲುವುದಿಲ್ಲ ಎಂದಿತು. ಬಂಗಾಳದಲ್ಲಿ ಒಂದು ರಾಜಕೀಯ ವಿಡಂಬನೆಯ ಸಿನಿಮಾವನ್ನು ಹೀಗೇ ಬಾಯಿಮಾತಿನಲ್ಲಿ ಚಿತ್ರಮಂದಿರಗಳಿಂದ ಎತ್ತಿಸಿದಾಗ 2019ರಲ್ಲಿ ಸುಪ್ರೀಂ ಕೋರ್ಟ್ ಆ ಸರ್ಕಾರಕ್ಕೆ 20 ಲಕ್ಷ ರೂಪಾಯಿ ಪರಿಹಾರ ಕಟ್ಟಲು ಹೇಳಿತು. ನಮಗೆ ಪರಿಹಾರ ಬೇಡ. ಬರೆದುಕೊಡಿ. ನಮ್ಮ ರಾಜ್ಯದ್ದೇ 1964ರ ನಾಟಕ ಪ್ರದರ್ಶನ ಕಾಯ್ದೆಯ ಹೆಸರು ಹೇಳಿ ತಡೆಯುವುದಾದರೂ ಆದೇಶ ಅಂತ ಒಂದು ಬೇಕಲ್ಲವೇ? ಸರ್ಕಾರಿ ಸೇವೆ ಗೊತ್ತುಮಾಡಿದ ದಿನದೊಳಗೆ ಸಿಗಬೇಕೆನ್ನುವ 'ಸಕಾಲ' ಕಾಯ್ದೆ ಬಂದು ಇಷ್ಟು ವರ್ಷವಾದ ರಾಜ್ಯದಲ್ಲಿ ಒಂದು ಅರ್ಜಿಗೆ ಸ್ವೀಕೃತಿ ಕೇಳಿದ್ದು ತಪ್ಪೇ?

ನನ್ನ ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ಕ್ಕೆ ಕರೆದುಕೊಂಡು ಹೋಗಿದ್ದರು. ಮಂತ್ರಿ, ಅಧಿಕಾರಿ, ಪೊಲೀಸು, ಯಾರನ್ನೂ ಬಿಡದ ನಾಟಕ ಅದು. ಸಾವಿರಾರು ಪ್ರಯೋಗ ಕಂಡಿತು. ನಮ್ಮೂರಿನ ಹೈಸ್ಕೂಲಿನ ಎರಡು ಕೋಣೆ ಎದ್ದದ್ದೂ ಹಿಂದೆ ಕಂಪನಿಯವರು ಆಡಿಕೊಟ್ಟ ಸಹಾಯಾರ್ಥ ಪ್ರದರ್ಶನದಿಂದ. ನೀವು ಓದಿದ್ದು ಅದೇ ಶಾಲೆಯಲ್ಲಿ.

ಇನ್ನೂರ ನಲವತ್ತು ಟಿಕೆಟಿನ ಹಣವನ್ನು ವಾಪಸು ಕೊಡಲು ಮನೆಮನೆಗೆ ಹೋದೆ. ಬಹಳ ಜನ ತೆಗೆದುಕೊಳ್ಳಲಿಲ್ಲ, "ನಾಟಕ ಆಡಿ, ಆಗ ಬರ್ತೀವಿ" ಅಂದರು. ಸಭಾಂಗಣದ ಬಾಡಿಗೆ ಹದಿನಾಲ್ಕು ಸಾವಿರ ಮಾತ್ರ ನಮಗೆ ವಾಪಸು ಬಂದಿಲ್ಲ. ಆ ದುಡ್ಡು ಇದ್ದಿದ್ದರೆ ಇಪ್ಪತ್ತಮೂರು ಸಲ ಒಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರಬಹುದಿತ್ತು. ಈ ತಿಂಗಳು ಆಟೋ ಹಣ ಮುಗಿದಿದೆ. ಒಂಬತ್ತು ಜನರಲ್ಲಿ ಇಬ್ಬರು ಆಗಲೇ ವಾರಕ್ಕೆ ಮೂರರ ಬದಲು ಎರಡೇ ದಿನ ಬರುತ್ತಿದ್ದಾರೆ. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಾನು ನನ್ನ ಮನೆಯಲ್ಲೇ ನೋಡಿದ್ದೇನೆ ಸ್ವಾಮಿ.

ಹೊಸ ಅರ್ಜಿಯನ್ನು ಇವತ್ತು ಠಾಣೆಗೂ, ಸಭಾಂಗಣದ ಕಚೇರಿಗೂ, ನಿಮಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಮುಂದಿನ ತಿಂಗಳ ಎರಡನೇ ಶನಿವಾರ ಸಭಾಂಗಣ ಖಾಲಿ ಇದೆ, ವಿಚಾರಿಸಿದ್ದೇನೆ. ಅನುಮತಿ ಇದ್ದರೆ ಇದೆ ಎಂದು ಬರೆಸಿ. ಇಲ್ಲದಿದ್ದರೆ ಇಲ್ಲವೆಂದು, ಯಾಕೆ ಇಲ್ಲವೆಂದು, ಯಾರು ಹೇಳಿದರೆಂದು ಬರೆಸಿ ಕೆಳಗೆ ಸಹಿ ಹಾಕಿಸಿ. ಏಳು ದಿನದೊಳಗೆ ಕೊಡಿ. ಕಟ್ಟಿದ ಬಾಡಿಗೆ ವಾಪಸು ಕೊಡಿಸಿ. ದರ್ಜಿಯವರ ಮನೆಗೆ ಒಂದು ಸಲ ಹೋಗಿ ಬನ್ನಿ. ಅವರ ಅಂಗಡಿ ಎಲ್ಲಿದೆ ಅಂತ ನಿಮಗೆ ಗೊತ್ತು, ನಿಮ್ಮ ಪ್ರಮಾಣವಚನದ ಜುಬ್ಬಾ ಹೊಲಿದದ್ದು ಅವರೇ.

ಮೊದಲ ಟಿಕೆಟನ್ನು ನಿಮಗಾಗಿ ಹರಿಯದೆ ಇಟ್ಟಿದ್ದೇನೆ. ಮುಂದಿನ ಸಾಲು, ಒಂದನೇ ನಂಬರು. ನೂರು ರೂಪಾಯಿ ಕೊಟ್ಟು ತೆಗೆದುಕೊಳ್ಳಿ.

ಇಂತಿ,
ನಾಟಕ ತಂಡದ ಲೆಕ್ಕ ನೋಡುವವಳು, ನಿಮ್ಮ ಕ್ಷೇತ್ರದ ಮತದಾರಳು