ನಿವೃತ್ತ ಜನರಲ್ ಮಾತು ಸೇನೆಯ ಮಾತಲ್ಲ

ಮಾನ್ಯ ಸಂಪಾದಕರೇ,

ನಿವೃತ್ತ ಸೇನಾಧಿಕಾರಿಯೊಬ್ಬರು ರಕ್ಷಣಾ ನೀತಿಯನ್ನು ಟೀಕಿಸಿದರೆ ಮರುದಿನವೇ ‘ಸೇನೆಯಲ್ಲಿ ಅತೃಪ್ತಿ’ ಎಂಬ ತಲೆಬರಹ ಬೀಳುತ್ತದೆ. ಸೇನೆಯ ದಕ್ಷಿಣ ಕಮಾಂಡ್, ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಎರಡೂ ಇರುವ ಪುಣೆಯಲ್ಲಿ ನಿವೃತ್ತರಿಗೇನೂ ಬರವಿಲ್ಲ; ಇಲ್ಲಿನ ಓದುಗರಿಗೆ ಇದು ಕಸಿವಿಸಿ.

ಸಂವಿಧಾನದ 33ನೇ ವಿಧಿ ಮತ್ತು 1950ರ ಸೇನಾ ಕಾಯಿದೆಯ 21ನೇ ಸೆಕ್ಷನ್ ಹಾಲಿ ಅಧಿಕಾರಿಯ ವಾಕ್‌ಸ್ವಾತಂತ್ರ್ಯಕ್ಕೆ ಮಿತಿ ಹಾಕಿವೆ. ಮುಂಚಿತ ಅನುಮತಿಯಿಲ್ಲದೆ ಸೇನೆಯ ವಿಷಯವನ್ನು ಅವರು ಪತ್ರಿಕೆಗೆ ಕೊಡುವಂತಿಲ್ಲ. ನಿವೃತ್ತರಿಗೆ ಈ ಕಟ್ಟುಪಾಡಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯಿದೆ ಮಾತ್ರ ಅವರ ಬೆನ್ನು ಬಿಡದು.

ಹಾಗೆಂದು ಹಾಲಿ ಅಧಿಕಾರಿ ಬಾಯಿ ಮುಚ್ಚಿಕೊಂಡಿರಬೇಕಿಲ್ಲ. ನೀತಿ ಒಪ್ಪಿಗೆಯಾಗದಿದ್ದರೆ ಸಭೆಯಲ್ಲೇ ಹೇಳಿ, ಕಾರಣಸಹಿತ ಕಡತದಲ್ಲಿ ಬರೆಯಬೇಕು. ಬಾಯಿಮಾತಿಗೆ ಬಿಟ್ಟರೆ, ನಾಳೆ ಎಡವಟ್ಟಾದಾಗ ಯಾರು ಎಚ್ಚರಿಸಿದ್ದರು ಎಂಬುದಕ್ಕೆ ದಾಖಲೆಯೇ ಸಿಗದು. ಆಮೇಲೂ ಆದೇಶ ಬಂದರೆ ಪಾಲಿಸಬೇಕು, ಅದು ಕಾನೂನುಬದ್ಧವಾಗಿದ್ದರೆ. ಸೇನಾ ಕಾಯಿದೆಯ 41ನೇ ಸೆಕ್ಷನ್ ಶಿಕ್ಷಿಸುವುದು ಅಂಥ ಆದೇಶ ಮೀರಿದ್ದಕ್ಕೆ. ಬಡ್ತಿಯಂಥ ಸ್ವಂತ ಅಹವಾಲಿನ ದಾರಿ ಬೇರೆ: ಅದೇ ಕಾಯಿದೆಯ 27ನೇ ಸೆಕ್ಷನ್ನಿನಡಿ ಕೇಂದ್ರ ಸರ್ಕಾರಕ್ಕೆ ದೂರು, ಆರು ತಿಂಗಳಾದರೂ ತೀರ್ಮಾನ ಬಾರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ (ನಮ್ಮ ಕಡೆಯವರಿಗೆ ಮುಂಬೈ ಪೀಠ). ನೀತಿಯ ಭಿನ್ನಮತ, ಸ್ವಂತ ಅಹವಾಲು ಎರಡೂ ಕಲಸಿಹೋದಾಗಲೇ ಪಜೀತಿ. ಬಡ್ತಿ ತಪ್ಪಿದ ಸಿಟ್ಟು ದೇಶದ ಭದ್ರತೆಯ ಕಾಳಜಿಯ ವೇಷ ತೊಟ್ಟು ವರದಿಗಾರರ ಕೈ ಸೇರುತ್ತದೆ.

ಉಳಿದದ್ದು ರಾಜೀನಾಮೆ. ಸೇನಾ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯ 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಏಗಲಾರದೆ ರಾಜೀನಾಮೆ ಕೊಟ್ಟರು, ನೆಹರೂ ಮಾತಿಗೆ ಓಗೊಟ್ಟು ವಾಪಸ್ ಪಡೆದರು. ಆದರೂ ಸುದ್ದಿ ಸೋರಿತು. ಲೋಕಸಭೆಯಲ್ಲಿ ನೆಹರೂ ನಿಂತಿದ್ದು ಮೆನನ್ ಪರ. ತಿಮ್ಮಯ್ಯನವರಂಥ ದಂಡನಾಯಕರ ಮಾತಿನ ತೂಕವೂ ಆಗ ತುಸು ಇಳಿಯಿತೆಂದೇ ನನ್ನ ಎಣಿಕೆ. 1983ರಲ್ಲಿ ತಮ್ಮನ್ನು ಬಿಟ್ಟು ಎ.ಎಸ್. ವೈದ್ಯರನ್ನು ಸೇನಾ ಮುಖ್ಯಸ್ಥರನ್ನಾಗಿಸಿದಾಗ ಲೆಫ್ಟಿನೆಂಟ್ ಜನರಲ್ ಎಸ್.ಕೆ. ಸಿನ್ಹಾ ರಾಜೀನಾಮೆ ಕೊಟ್ಟವರು ಮತ್ತೆ ಒಳಬರಲಿಲ್ಲ. ನನಗೆ ಅದೇ ಸರಿ ಕಾಣುತ್ತದೆ.

ಪತ್ರಿಕೆಯವರಿಗೆ ಒಂದು ಕೋರಿಕೆ. ಬರೀ ‘ನಿವೃತ್ತ’ ಎಂದು ಹಾಕಬೇಡಿ. ಯಾವ ವರ್ಷ, ಯಾವ ಹುದ್ದೆಯಿಂದ ನಿವೃತ್ತರಾದರು, ಈಗ ಯಾವುದಾದರೂ ಪಕ್ಷದಲ್ಲೋ ರಕ್ಷಣಾ ಸಾಮಗ್ರಿ ಕಂಪನಿಯಲ್ಲೋ ಇದ್ದಾರೆಯೇ ಎಂಬುದನ್ನು ಒಂದು ಸಾಲಿನಲ್ಲಿ ಕೊಡಿ. ಸಮವಸ್ತ್ರದ ಹಳೇ ಫೋಟೊ ಬದಲು ಈಗಿನದನ್ನೇ ಹಾಕಿ.

– ಓರ್ವ ಓದುಗ, ಖಡಕಿ, ಪುಣೆ