ಕ್ಯೂ ಹಿಡಿಗೆ ಕೇಳಿದ ಚರ್ಮ ಸುತ್ತದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಕ್ಯೂ ದುರಸ್ತಿ ವಿಭಾಗ

ವಿಷಯ: ಪೂಲ್ ಆಟದ ಕೋಲಿನ (ಕ್ಯೂ) ಹಿಡಿಗೆ ಸುತ್ತಿರುವ ಚರ್ಮವನ್ನು ಬದಲಿಸಿಕೊಡುವ ಅಥವಾ ಹಣ ಹಿಂದಿರುಗಿಸುವ ಕುರಿತು

ಮಾನ್ಯರೇ,

ನನ್ನ ಕ್ಯೂನ ಹಿಡಿಗೆ ಸುತ್ತಿದ್ದ ಲಿನನ್ ದಾರ ಸವೆದು ಎಳೆ ಬಿಟ್ಟಿತ್ತು. ಅದನ್ನು ತೆಗೆದು ಚರ್ಮ ಸುತ್ತಿಕೊಡಿ ಎಂದು ಎರಡು ತಿಂಗಳ ಹಿಂದೆ ನಿಮಗೆ ಕಳಿಸಿದ್ದೆ. ಆರ್ಡರ್ ಕೊಡುವಾಗಲೇ ಒಂದು ಮಾತನ್ನು ಸ್ಪಷ್ಟವಾಗಿ ಬರೆದಿದ್ದೆ: ನನ್ನ ಅಂಗೈ ಬೇಗ ಬೆವರುತ್ತದೆ, ಹಾಗಾಗಿ ಮೇಲೆ ಲೇಪನವಿಲ್ಲದ, ಬೆವರು ಹೀರುವ ಚರ್ಮವೇ ಬೇಕು. ಹಂದಿಯ ಚರ್ಮವಾದರೆ ಒಳ್ಳೆಯದು, ಇಲ್ಲವಾದರೆ ತೆಳ್ಳಗಿನ ದನದ ಚರ್ಮವೂ ಆದೀತು. ಬಣ್ಣ, ಹೊಳಪು ಹೇಗಿದ್ದರೂ ಚಿಂತೆಯಿಲ್ಲ ಎಂದೂ ಸೇರಿಸಿದ್ದೆ. "ಅಪ್ಪಟ ಚರ್ಮವೇ ಹಾಕುತ್ತೇವೆ" ಎಂದು ನಿಮ್ಮಿಂದ ಉತ್ತರ ಬಂತು.

ವಾಪಸು ಬಂದ ಕ್ಯೂ ನೋಡಲು ಚೆನ್ನಾಗಿಯೇ ಇತ್ತು. ಕಪ್ಪು ಬಣ್ಣ, ಮಿರಮಿರ ಹೊಳಪು, ಉಡದ ಮೈಯಂಥ ಹುರುಪೆಯ ಅಚ್ಚು. ಆದರೆ ಮೊದಲ ದಿನದ ಆಟದಲ್ಲೇ ಹಿಂಗೈಯಲ್ಲಿ, ಅಂದರೆ ಹಿಡಿಯನ್ನು ಹಿಡಿಯುವ ಹಿಂದಿನ ಕೈಯಲ್ಲಿ, ಕೋಲು ಜಾರತೊಡಗಿತು. ಹಿಂಗೈ ಕೋಲನ್ನು ಹಗುರವಾಗಿ ತೂಗಿಸಿಕೊಂಡಿರಬೇಕು, ಅಷ್ಟೇ. ಜಾರುತ್ತದೆ ಅನ್ನಿಸಿದ ಕೂಡಲೇ ಬೆರಳು ತಾನಾಗಿ ಬಿಗಿಯುತ್ತದೆ, ಮಣಿಕಟ್ಟು ಸೆಟೆಯುತ್ತದೆ, ಆ ಕಡೆ ಕೋಲಿನ ತುದಿ ಗುರಿ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಬೆವರು ಕೈಯವರಿಗೆ ಹಿಡಿಯ ಚರ್ಮ ಅಲಂಕಾರದ ವಸ್ತುವಲ್ಲ. ಇಷ್ಟು ಕಾಲ ಕ್ಯೂ ಸುತ್ತುವ ಕೆಲಸ ಮಾಡಿದವರಿಗೆ ಇದನ್ನು ನಾನು ಹೇಳಬೇಕಾಯಿತಲ್ಲ ಎಂಬುದೇ ನನ್ನ ಬೇಸರ.

ಮೂರನೆಯ ವಾರದಲ್ಲಿ ಅಂಚುಗಳು ಕೂಡುವ ಗೆರೆ ಬಾಯಿಬಿಟ್ಟಿತು. ಸಂದಿನಲ್ಲಿ ಬಿಳಿ ಬಟ್ಟೆ ಕಾಣಿಸಿತು. ಅಪ್ಪಟ ಚರ್ಮದ ಬೆನ್ನಿಗೆ ಬಟ್ಟೆ ಎಲ್ಲಿಂದ ಬರಬೇಕು? ಮೇಲಿನ ಹುರುಪೆಗಳನ್ನು ಗಮನವಿಟ್ಟು ನೋಡಿದೆ: ಒಂದೇ ಗುಂಪು, ಒಂದೇ ಅಂತರದಲ್ಲಿ, ಮತ್ತೆ ಮತ್ತೆ ಬಂದಿದೆ. ಒಂದು ರಂಧ್ರವೂ ಕಾಣುವುದಿಲ್ಲ. ಒಂದು ಹನಿ ನೀರು ಹಾಕಿದರೆ ಗಾಜಿನ ಮೇಲಿನಂತೆ ಉರುಳಿಹೋಯಿತು. ಲೇಪನವಿಲ್ಲದ ಚರ್ಮವಾಗಿದ್ದರೆ ಅದನ್ನು ಹೀರಿಕೊಳ್ಳುತ್ತಿತ್ತು. ಚರ್ಮದ ಚೂರುಗಳನ್ನು ಪುಡಿಮಾಡಿ, ಅಂಟಿನಲ್ಲಿ ಕಲಸಿ, ಬಟ್ಟೆಯ ಮೇಲೆ ಹಾಳೆಯಾಗಿ ಒತ್ತಿ, ಪ್ಲಾಸ್ಟಿಕ್ ಲೇಪಿಸಿ ಅಚ್ಚು ಹಾಕಿದ ಬಾಂಡೆಡ್ ಲೆದರ್ ಇದು. ಅದನ್ನು ಬೇಕೆಂದು ಕೇಳುವವರಿಗೆ ಆ ಹೆಸರಿನಲ್ಲೇ ಕೊಡಿ, ನನ್ನ ತಕರಾರಿಲ್ಲ. ಅಪ್ಪಟ ಚರ್ಮ ಎಂದು ಹೇಳಿ ಇದನ್ನು ಸುತ್ತಿದ್ದು ತಪ್ಪು.

ದಪ್ಪದ ವಿಷಯವೂ ಇದೆ. ದಾರಕ್ಕೆಂದು ಮರದಲ್ಲಿ ತೋಡಿದ್ದ ತಗ್ಗಿನ ಆಳ ವರ್ನಿಯರ್ ಅಳತೆ ಸಾಧನದಲ್ಲಿ 0.6 ಮಿ.ಮೀ. ಬರುತ್ತದೆ, ನೀವು ಸುತ್ತಿದ ಹಾಳೆ ಬಟ್ಟೆ ಸೇರಿ 1.1 ಮಿ.ಮೀ. ಹೀಗಾಗಿ ಎರಡೂ ತುದಿಯಲ್ಲಿ ಮೆಟ್ಟಿಲಿನಂತೆ ಎದ್ದು ನಿಂತಿದೆ, ಬೆರಳಿಗೆ ತಗಲುತ್ತದೆ. ಚರ್ಮ ಮರದ ಮೈಗೆ ಸಮನಾಗಿ ಕೂರಬೇಕು, ಕಣ್ಣು ಮುಚ್ಚಿ ಸವರಿದರೆ ಅಂಚು ಗೊತ್ತಾಗಬಾರದು.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, "ಚರ್ಮ ಅಂದ್ಮೇಲೆ ಸ್ವಲ್ಪ ಎಳ್ಕೊಳ್ಳುತ್ತೆ ಸಾರ್, ಬೆವರು ಜಾಸ್ತಿ ಇದ್ರೆ ನಾವೇನ್ ಮಾಡೋಣ" ಎಂದರು. ಎಳೆದುಕೊಳ್ಳುವುದು ನಿಜ. ಅದಕ್ಕೇ ಹೊಟ್ಟೆಯ ಭಾಗದ ಸಡಿಲ ಚರ್ಮ ಬಿಟ್ಟು ಬೆನ್ನಿನ ಭಾಗದ ಬಿಗಿ ಚರ್ಮ ಆರಿಸುತ್ತಾರೆ. ಒದ್ದೆ ಮಾಡಿ ವಿಪರೀತ ಎಳೆದು ಅಂಟಿಸಿದರೆ ಒಣಗಿದಾಗ ಕುಗ್ಗಿ ಗೆರೆ ಬಿಡುತ್ತದೆಂದು ಎಚ್ಚರ ವಹಿಸುತ್ತಾರೆ. ಇನ್ನು ಬೆವರಿನ ವಿಷಯ ನಾನು ಮುಚ್ಚಿಟ್ಟಿದ್ದಲ್ಲ, ನಿಮ್ಮ ಆರ್ಡರ್ ಹಾಳೆಯಲ್ಲೇ ಇದೆ.

ನನ್ನ ಬೇಡಿಕೆ ಇಷ್ಟೆ. ಈ ಹಾಳೆಯನ್ನು ನಿಮ್ಮ ಖರ್ಚಿನಲ್ಲಿ ತೆಗೆದು, ಹಳೆಯ ಅಂಟನ್ನು ಮರದ ಪಾಲಿಶ್ ಕೆಡದಂತೆ ಸ್ವಚ್ಛಮಾಡಿ, ಕೇಳಿದ ಚರ್ಮ ಸುತ್ತಿಕೊಡಬೇಕು. ಸುತ್ತುವ ಮೊದಲು ಒಂದೆರಡು ತುಂಡು ಮಾದರಿ ಕಳಿಸಿ. ನೀರು ಹಾಕಿ, ಅಂಗೈಯಲ್ಲಿ ಹಿಡಿದು, ಬಿಳಿ ಬಟ್ಟೆಗೆ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ ಒಪ್ಪಿಗೆ ಕೊಡುತ್ತೇನೆ. ತಗ್ಗಿಗೆ ಹೊಂದುವಂತೆ ಚರ್ಮವನ್ನೇ ಹೆರೆದು ತೆಳ್ಳಗೆ ಮಾಡಿ. ನನ್ನನ್ನು ಕೇಳದೆ ಮರ ಮಾತ್ರ ಕೆತ್ತಬೇಡಿ, ಲೇತ್‌ನಲ್ಲಿ ಒಮ್ಮೆ ಹೋದ ಮರ ಮತ್ತೆ ಬರುವುದಿಲ್ಲ. ಇದು ನಿಮ್ಮಿಂದ ಆಗದಿದ್ದರೆ ಪೂರ್ತಿ ಹಣ ವಾಪಸು ಕೊಡಿ, ಬೇರೆಡೆ ಮಾಡಿಸಿಕೊಳ್ಳುತ್ತೇನೆ.

ಬಾಯಿಬಿಟ್ಟ ಗೆರೆ, ಒಳಗಿನ ಬಟ್ಟೆ ಮತ್ತು ಅಂಚಿನ ಫೋಟೋಗಳನ್ನೂ ಆರ್ಡರ್ ಹಾಳೆಯ ಪ್ರತಿಯನ್ನೂ ಲಗತ್ತಿಸಿದ್ದೇನೆ. 15 ದಿನದೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ