ಮಧುಗಿರಿಗೆ ಹೊರಟಿರುವ ಮಗಳಿಗೆ

ತುಮಕೂರು

ಪ್ರೀತಿಯ ಮಗಳೇ,

ಬೆಂಗಳೂರಿನ ಅಕಾಡೆಮಿಯ ಕೆಲಸ ಬಿಟ್ಟು ಮಧುಗಿರಿಯ ಸರ್ಕಾರಿ ಶಾಲೆಗಳಲ್ಲಿ ಟೆನಿಸ್ ಕಲಿಸಲು ನೀನು ತೀರ್ಮಾನಿಸಿರುವುದನ್ನು ಓದಿ ಬಹಳ ಸಂತೋಷವಾಯಿತು. ಆದರೆ ಕೋರ್ಟ್ ಕಟ್ಟಿಸಲು ದಾನಿಗಳು ಸಿಗುವವರೆಗೆ ತರಗತಿ ಆರಂಭಿಸುವುದಿಲ್ಲ ಎಂದೂ ಬರೆದಿದ್ದೀಯ. ಈ ಜಿಲ್ಲೆಯ ಶಾಲೆಗಳಲ್ಲೇ ತರಬೇತುದಾರಳಾಗಿ ಆಯುಷ್ಯದ ಹೆಚ್ಚಿನ ಭಾಗ ಕಳೆದ ನಾನು ನಿನಗೆ ಹೇಳಬೇಕಾದದ್ದು ಇಷ್ಟು: ಕೋರ್ಟಿಗಾಗಿ ಕಾಯಬೇಡ, ಶಾಲೆಯಲ್ಲಿ ಈಗಾಗಲೇ ಏನಿದೆಯೋ ಅದರಿಂದಲೇ ಶುರು ಮಾಡು.

ಪೂರ್ಣ ಅಳತೆಯ ಕೋರ್ಟ್ 78 ಅಡಿ ಉದ್ದ. ಅದರಲ್ಲಿ ನಾಲ್ವರು ಆಡುತ್ತಿದ್ದರೆ ಉಳಿದ ಮಕ್ಕಳೆಲ್ಲ ಗೋಡೆಗೊರಗಿ ನೋಡುತ್ತಾ ನಿಲ್ಲಬೇಕು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2007ರಿಂದ ಪ್ರಚಾರ ಮಾಡುತ್ತಾ ಬಂದಿರುವ, ಮಕ್ಕಳಿಗೆ ನಿಧಾನವಾಗಿ ಬರುವ ಚೆಂಡನ್ನೂ ಚಿಕ್ಕ ಕೋರ್ಟನ್ನೂ ಕೊಡುವ ಪದ್ಧತಿಯಲ್ಲಾದರೋ ಎಲ್ಲಕ್ಕಿಂತ ನಿಧಾನವಾದ ಕೆಂಪು ಚೆಂಡಿನ ಕೋರ್ಟಿಗೆ 36 ಅಡಿ ಉದ್ದ ಸಾಕು, ಅದಕ್ಕಿಂತ ತುಸು ವೇಗದ ಕಿತ್ತಳೆ ಚೆಂಡಿನದಕ್ಕೆ 60 ಅಡಿ. ವಾಲಿಬಾಲ್ ಅಂಕಣದ ಉದ್ದ 18 ಮೀಟರ್, ಅಂದರೆ ಹೆಚ್ಚುಕಡಿಮೆ ಅದೇ 60 ಅಡಿ. ವಾಲಿಬಾಲ್ ಕಂಬಗಳಿಲ್ಲದ ಪ್ರೌಢಶಾಲೆಯನ್ನು ನಾನು ಇಲ್ಲಿ ಕಂಡದ್ದು ಅಪರೂಪ. ಆ ಕಂಬಗಳಿಗೇ 80 ಸೆಂಟಿಮೀಟರ್ ಎತ್ತರದಲ್ಲಿ ಹಗ್ಗ ಬಿಗಿದು, ಅದರ ಮೇಲೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟರೆ ನೆಟ್ ಸಿದ್ಧವಾಗುತ್ತದೆ. ಗೆರೆ ಎಳೆಯಲು ಸುಣ್ಣದ ಪುಡಿ ಸಾಕು.

ಕೈಯಲ್ಲಿರುವ ಹಣವನ್ನು ಚೆಂಡುಗಳಿಗೆ ಹಾಕು. ನಾಲ್ಕನೇ ತರಗತಿಯ ಹುಡುಗಿಗೆ ಮಾಮೂಲಿ ಹಳದಿ ಚೆಂಡು ಕೊಟ್ಟರೆ ಅದು ಪುಟಿದು ಅವಳ ತಲೆಯ ಮಟ್ಟಕ್ಕೇರುತ್ತದೆ. ಅದನ್ನು ಹೇಗಾದರೂ ಮುಟ್ಟಬೇಕೆಂದು ಅವಳು ರ‍್ಯಾಕೆಟ್ಟಿನ ಹಿಡಿಯನ್ನು ಅಂಗೈಯಲ್ಲಿ ವಿಪರೀತ ತಿರುಗಿಸಿಕೊಳ್ಳುತ್ತಾಳೆ, ಮುಂದೆ ಆ ಅಭ್ಯಾಸ ಬಿಡಿಸುವುದು ಇಬ್ಬರಿಗೂ ಸಂಕಟ. ಕೆಂಪು ಚೆಂಡು ಶೇ. 75ರಷ್ಟು ನಿಧಾನವಾಗಿ ಬರುವುದರಿಂದ ಸೊಂಟದ ಮಟ್ಟದಲ್ಲೇ ಸಿಗುತ್ತದೆ. ಮೊದಲ ದಿನವೇ ಚೆಂಡು ನೆಟ್ಟಿನ ಆಚೆಗೂ ಈಚೆಗೂ ನಾಲ್ಕಾರು ಸಲ ಹೋಗಿಬಂದರೆ ಆ ಮಗು ಮರುದಿನವೂ ಬರುತ್ತದೆ. ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನವರ ಸ್ಪರ್ಧೆಗಳಿಂದ ಹಳದಿ ಚೆಂಡನ್ನು 2012ರಿಂದ ನಿಯಮದಲ್ಲೇ ಕೈಬಿಟ್ಟಿರುವುದಕ್ಕೂ ಇದೇ ಕಾರಣ.

ಈ ಮಕ್ಕಳಿಗೆ ಏನೂ ಬಾರದು ಎಂದುಕೊಂಡು ಹೋಗಬೇಡ. ಥ್ರೋಬಾಲ್ ಆಡುವ ಹುಡುಗಿಯರ ಭುಜವನ್ನು ಗಮನಿಸು; ತಲೆಯ ಮೇಲಿನಿಂದ ಎಸೆಯುವ ಆ ಚಲನೆಯೇ ಸರ್ವ್‌ನ ಬುನಾದಿ, ಅಕಾಡೆಮಿಯಲ್ಲಿ ನಾವು ಅದನ್ನು ತಿಂಗಳುಗಟ್ಟಲೆ ಕಲಿಸುತ್ತೇವೆ. ಖೋ ಖೋದಲ್ಲಿ ಕಂಬ ಸುತ್ತಿ ಸರ್ರನೆ ದಿಕ್ಕು ಬದಲಿಸುವ ಕಾಲುಗಳಿಗೆ ಓಟ ಹೇಳಿಕೊಡಬೇಕಾಗಿಯೇ ಇಲ್ಲ.

ಎಲ್ಲಕ್ಕಿಂತ ಮೊದಲು ದೈಹಿಕ ಶಿಕ್ಷಕರಿಗೆ ಕಲಿಸು. ಒಂದು ಶಾಲೆಯಲ್ಲಿ ನಾನು ಕಷ್ಟಪಟ್ಟು ಕಟ್ಟಿದ ತಂಡ, ಮುಖ್ಯೋಪಾಧ್ಯಾಯರು ವರ್ಗವಾದ ವರ್ಷವೇ ಚದುರಿಹೋಯಿತು, ರ‍್ಯಾಕೆಟ್‌ಗಳು ಬೀರು ಸೇರಿದವು. ಆದರೆ ಪಿ.ಟಿ. ಮೇಷ್ಟ್ರು ಇದು ತಮ್ಮದೇ ಕೆಲಸವೆಂದು ಹಚ್ಚಿಕೊಂಡ ಶಾಲೆಗಳಲ್ಲಿ ನಾನು ಹೋಗದಿದ್ದರೂ ಇಂದಿಗೂ ಆಟ ನಡೆಯುತ್ತಿದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೂ ತಪ್ಪದೆ ಹೋಗು. ಸಂಜೆಯ ಅಭ್ಯಾಸ ಹಳ್ಳಿಯ ಕೊನೆಯ ಬಸ್ಸಿಗೆ ಮುಂಚೆ ಮುಗಿಯುತ್ತದೆ ಎಂದು ಅಲ್ಲಿ ತಾಯಂದಿರಿಗೆ ನೀನೇ ಮಾತು ಕೊಡದ ಹೊರತು ಹೆಣ್ಣುಮಕ್ಕಳು ಉಳಿಯುವುದಿಲ್ಲ. ಕಡಲೆಕಾಯಿ ಕೀಳುವ ಕಾಲದಲ್ಲಿ ಹಾಜರಿ ಇಳಿದರೆ ಯಾರನ್ನೂ ಪಟ್ಟಿಯಿಂದ ತೆಗೆಯಬೇಡ.

ನಿನ್ನ ಸಂಪಾದನೆಯ ಚಿಂತೆ ನನಗೂ ಇದೆ. ನಾನು ಬೆಳಿಗ್ಗೆ ಕ್ಲಬ್ಬಿನಲ್ಲಿ ಶುಲ್ಕಕ್ಕೆ ಕಲಿಸಿ, ಆ ದುಡ್ಡಿನ ಬಲದ ಮೇಲೆ ಮಧ್ಯಾಹ್ನ ಶಾಲೆಗಳಿಗೆ ಹೋಗುತ್ತಿದ್ದೆ; ನೀನೂ ವಾರಕ್ಕೆರಡು ಬೆಳಗಿನ ಬ್ಯಾಚುಗಳನ್ನು ಉಳಿಸಿಕೊಳ್ಳುವುದು ಕ್ಷೇಮ.

2024ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ, ತಮ್ಮ ಮಗನೂ ಹಾಗಾಗುತ್ತಾನೆಯೇ ಎಂದು ಹಲವು ತಂದೆಯರು ನನ್ನನ್ನು ಕೇಳಿದರು. ನಾನು ಯಾರಿಗೂ ಆ ಭರವಸೆ ಕೊಡಲಿಲ್ಲ, ನೀನೂ ಕೊಡಬೇಡ. ನನ್ನ ಬಳಿ ಕಲಿತವರಲ್ಲಿ ಕೆಲವರು ಈಗ ತಾವೇ ದೈಹಿಕ ಶಿಕ್ಷಕರಾಗಿ ಮಕ್ಕಳ ಕೈಗೆ ರ‍್ಯಾಕೆಟ್ ಕೊಡುತ್ತಿದ್ದಾರೆ. ನನ್ನ ವೃತ್ತಿಯಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ತಂದಿರುವುದು ಅದೇ.

ಇಲ್ಲಿರುವ ಕೆಂಪು ಚೆಂಡುಗಳನ್ನೂ ಚಿಕ್ಕ ರ‍್ಯಾಕೆಟ್‌ಗಳನ್ನೂ ಶನಿವಾರದ ಬಸ್ಸಿನಲ್ಲಿ ಕಳುಹಿಸುತ್ತೇನೆ. ದಸರೆ ರಜೆಯಲ್ಲಿ ಮಕ್ಕಳನ್ನೂ ಅವರ ಮೇಷ್ಟ್ರನ್ನೂ ಒಂದು ದಿನ ತುಮಕೂರಿಗೆ ಕರೆದುಕೊಂಡು ಬಾ. ಕೋರ್ಟನ್ನು ಕಾದಿರಿಸಿ, ಅಷ್ಟೂ ಜನರಿಗೆ ಊಟದ ವ್ಯವಸ್ಥೆ ನಾನು ಮಾಡುತ್ತೇನೆ.

ನಿನ್ನ ಅಮ್ಮ